ಕಾತ್ಯಾಯನಿಯ ಕಡೆಯಿಂದ ‘ವಂಶವೃಕ್ಷ’

ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಪ್ರಕಟವಾದ ಕಾದಂಬರಿ. ತಮ್ಮಲ್ಲಿ ಅನೇಕರು ಅದನ್ನು ವಿದ್ಯಾರ್ಥಿದೆಸೆಯಲ್ಲಿಯೇ ಓದಿರಬಹುದು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಧರ್ಮನಿಷ್ಠೆಗೆ ತಲೆಬಾಗಿ ಪುಸ್ತಕ ಮುಚ್ಚಿದವರು, ಅವರ ಸೊಸೆ ಕಾತ್ಯಾಯನಿಯ ಕಡೆಯಿಂದ ಅದನ್ನು ಇನ್ನೊಮ್ಮೆ ಓದಬೇಕೆಂಬುದು ನಮ್ಮ ಬಿನ್ನಹ.

ಪತಿಯು ಕಪಿಲೆಯ ಪಾಲಾದಾಗ ಅವಳು ಎಳೆಗೂಸಿನ ತಾಯಿ. ಓದಲೆಂದು ಮೈಸೂರಿಗೆ ಹೋದವಳು ಅಧ್ಯಾಪಕ ರಾಜನಲ್ಲಿ ಅನುರಕ್ತಳಾಗುತ್ತಾಳೆ. ಆ ಅನುರಾಗವನ್ನು ಲೇಖಕರು ಚಾಪಲ್ಯವೆಂದು ಹೀಗಳೆಯದಿರುವುದು ಕೃತಿಯ ಹಿರಿಮೆ. ಮಗನನ್ನು ಕರೆದೊಯ್ಯಲು ಬಂದಾಗ ಮಾವನವರು ಅಡ್ಡಿಪಡಿಸದೆ ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಇಲ್ಲಿ ಬಲಾತ್ಕಾರವಿಲ್ಲ, ನಿಜ. ಆದರೆ ಪ್ರೀತಿ ಅಥವಾ ಮಗು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದು ತಾಯಿಯನ್ನು ನಿಲ್ಲಿಸುವುದೇ ಒಂದು ಬಲಾತ್ಕಾರವಲ್ಲವೆ?

ಅನಂತರ ಗರ್ಭಪಾತಗಳು, ಕೊರಗು, ಮರಣ. ಇದು ಅಂತಃಕರಣದ ವೇದನೆಯೋ, ಕಥಾಸಂವಿಧಾನವು ವಿಧಿಸಿದ ದಂಡನೆಯೋ? ಇದೇ ಕೃತಿಯ ಸದಾಶಿವರಾಯರು ಪತ್ನಿಪುತ್ರರಿರುವಾಗಲೇ ಶಿಷ್ಯೆಯನ್ನು ವರಿಸುತ್ತಾರೆ. ಅವರಿಗೆ ಗ್ರಂಥರಚನೆಯ ಸಾರ್ಥಕತೆಯಾದರೂ ದೊರೆಯುತ್ತದೆ. ಕಾತ್ಯಾಯನಿಗೆ ದೊರೆತದ್ದೇನು? ಈ ತಾರತಮ್ಯವನ್ನು ವಿಮರ್ಶಕರು ಕಾಣದೆ ಹೋಗಬಾರದು.

ಆದರೂ ಲೇಖಕರ ಪ್ರಾಮಾಣಿಕತೆಯನ್ನು ಮರೆಯಲಾಗದು. ತಾವು ಕಾಪಾಡಿಕೊಂಡು ಬಂದ ವಂಶದ ರಕ್ತವೇ ತಮ್ಮದಲ್ಲವೆಂದು ಶ್ರೋತ್ರಿಯರಿಗೆ ಕೊನೆಗೆ ತಿಳಿಯುತ್ತದೆ. ಯಾವ ವೃಕ್ಷಕ್ಕಾಗಿ ತಾಯಿ ಮಗುವನ್ನು ತೊರೆದಳೋ ಅದರ ಬೇರೇ ಬೇರೆಯಾಗಿತ್ತು. ಕೃತಿಯು ತನ್ನ ತೀರ್ಪನ್ನು ತಾನೇ ಪ್ರಶ್ನಿಸಿಕೊಳ್ಳುವುದು ಇಲ್ಲಿಯೇ.

ಇದು ಒಂದು ಮನೆತನದ ಕಥೆ ಮಾತ್ರವಲ್ಲ. ವಿಧವಾವಿವಾಹವನ್ನು ಸಕ್ರಮಗೊಳಿಸಿದ 1856ರ ಕಾಯ್ದೆಯೂ, ಅವಳು ಮರುವಿವಾಹವಾದರೆ ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸುವಂತೆ ಮೃತ ಪತಿಯ ಬಂಧುಗಳು ನ್ಯಾಯಾಲಯವನ್ನು ಕೋರಲು ಅವಕಾಶವಿತ್ತಿತ್ತು. ಆ ಕಾಯ್ದೆ 1983ರಲ್ಲಿ ರದ್ದಾಯಿತು. ನಮ್ಮ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಲ್ಲಿ ‘ಉಡಿಕೆ’ಯ ರೂಢಿಯಿತ್ತೆಂದು ನಾವು ಹೆಮ್ಮೆಪಡುತ್ತೇವೆ. ಅಲ್ಲಿಯೂ ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲಿಯೇ ಉಳಿಯುವುದು ಅಪರೂಪವಾಗಿರಲಿಲ್ಲ. ಸೀರೆ ಉಡಿಸಿದ ಸಮಾಜ ಮಡಿಲನ್ನು ಬರಿದು ಮಾಡಿ ಕಳುಹಿಸಿತು.

ವಾಚಕರೇ, ತಮ್ಮ ಬಳಗದಲ್ಲಿ ವಿಧವೆಯಾದ ತಾಯಿಯೊಬ್ಬಳು ಮತ್ತೆ ಬಾಳು ಕಟ್ಟಿಕೊಳ್ಳಲು ಹೊರಟರೆ ಹರಸುವುದು ಸುಲಭ. ಮಗುವಿನ ಕೈಯನ್ನೂ ಅವಳ ಕೈಗೆ ಕೊಟ್ಟು ಹರಸುವುದೇ ಧರ್ಮ.