ಐವತ್ತು ಸಾವಿರದ ಪಿಸಿಯೂ ಅರ್ಥಿಂಗ್ ಗುಂಡಿಯೂ

ಮೊದಲೆಲ್ಲ 'ಅಸೆಂಬಲ್ಡ್' ಅನ್ನೋ ಪದಕ್ಕೆ ನಮ್ಮಲ್ಲಿ ಅಂಥ ಮರ್ಯಾದೆ ಇರಲಿಲ್ಲ. 2000ದ ಆಚೀಚೆ ಯಾರ ಮನೆಗಾದರೂ ಕಂಪ್ಯೂಟರ್ ಬಂತು ಅಂದರೆ ಮೊದಲ ಪ್ರಶ್ನೆಯೇ 'ಬ್ರ್ಯಾಂಡೆಡ್ಡಾ, ಅಸೆಂಬಲ್ಡಾ?' ಅಸೆಂಬಲ್ಡ್ ಅಂತ ಹೇಳೋವಾಗ ದನಿ ಸ್ವಲ್ಪ ತಗ್ಗುತ್ತಿತ್ತು. ಪೂರ್ತಿ ದುಡ್ಡು ಹೊಂದಿಸೋಕೆ ಆಗದವರು ಮಾಡಿಸಿಕೊಳ್ಳೋದು ಅಂತ ಅರ್ಥ. ಈಗ ಅದೇ ಕೆಲಸಕ್ಕೆ 'ಕಸ್ಟಮ್ ಬಿಲ್ಡ್' ಅಂತ ಹೆಸರು. ಕ್ಯಾಬಿನೆಟ್ಟಿಗೆ ಗಾಜಿನ ಪಕ್ಕೆ, ಒಳಗೆ ದಸರಾ ದೀಪಾಲಂಕಾರ, ಜೋಡಿಸಿದ ದಿನ ಇನ್‌ಸ್ಟಾದಲ್ಲಿ ಫೋಟೊ. ಭಾಗಗಳು ಬರೋದು ಮಾತ್ರ ಅದೇ ಬೆಂಗಳೂರಿನ ಎಸ್‌ಪಿ ರೋಡಿನಿಂದ.

ಈ ಬಡ್ತಿಯ ಹಿಂದೆಯೇ ಒಂದು ಹೊಸ ಪ್ರಕಾರವೂ ಹುಟ್ಟಿಕೊಂಡಿದೆ: 'ಐವತ್ತು ಸಾವಿರದೊಳಗೆ ಬೆಸ್ಟ್ ಪಿಸಿ'. ವಿಡಿಯೊದಲ್ಲಾಗಲಿ, ವಾಟ್ಸ್ಯಾಪಿನಲ್ಲಿ ಓಡಾಡುವ ಪಟ್ಟಿಯಲ್ಲಾಗಲಿ ಕಥೆ ಹೆಚ್ಚುಕಮ್ಮಿ ಒಂದೇ. ಒಬ್ಬ ನಾಯಕ, ಗ್ರಾಫಿಕ್ಸ್ ಕಾರ್ಡ್. ಒಬ್ಬ ಖಳ, ಹೆಸರು ಬಾಟಲ್‌ನೆಕ್. ಕೊನೆಗೆ ಯಾವ ಗೇಮು ಸೆಕೆಂಡಿಗೆ ಎಷ್ಟು ಫ್ರೇಮು ಅನ್ನೋ ಫೈಟ್ ಸೀನು. ಮಧ್ಯೆ ಮದರ್‌ಬೋರ್ಡು, ಪವರ್ ಸಪ್ಲೈ ಅನ್ನೋ ಪೋಷಕ ಪಾತ್ರಗಳು ಬಂದು ಒಂದೊಂದು ಡೈಲಾಗ್ ಹೇಳಿ ಹೋಗುತ್ತವೆ. ನಾವು ಸಿನಿಮಾ ವಿಮರ್ಶೆ ಮಾಡ್ತೀವಿ, ಹೋಟೆಲಿನ ದೋಸೆಯ ವಿಮರ್ಶೆ ಮಾಡ್ತೀವಿ. ಜನ ಎರಡು ಮೂರು ತಿಂಗಳ ದುಡಿಮೆಯನ್ನ ನಂಬಿ ಹಾಕುವ ಈ ಪಟ್ಟಿಗಳನ್ನ ಮಾತ್ರ ಯಾರೂ ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳಲ್ಲ. ಅದೇ ನನ್ನ ತಕರಾರು.

ತಕರಾರಿಗೆ ಒಂದು ಸಂದರ್ಭ ಇದೆ. ನನ್ನ ಅಕ್ಕನ ಮನೆ ಕವಲಂದೆಯಲ್ಲಿ. ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋಗುವಾಗ ಸಿಗುತ್ತೆ, ರೈಲ್ವೆ ಸ್ಟೇಷನ್ನೂ ಇದೆ. ಅವಳ ಮಗಳು ಆ ರೈಲಲ್ಲೇ ಮೈಸೂರಿಗೆ ಓಡಾಡಿಕೊಂಡು ಸಿವಿಲ್ ಡಿಪ್ಲೊಮಾ ಓದುತ್ತಾಳೆ. ಆಟೊಕ್ಯಾಡ್ ಅಭ್ಯಾಸಕ್ಕೆ ಕಾಲೇಜಿನ ಲ್ಯಾಬಲ್ಲಿ ಸಿಗುವ ಹೊತ್ತು ಸಾಲದು, ಮೊಬೈಲಲ್ಲಿ ಅದು ಆಗೋ ಕೆಲಸ ಅಲ್ಲ. 2024ರಲ್ಲಿ ಕಂಪ್ಯೂಟರ್ ತಗೊಳ್ಳೋದು ಅಂತ ತೀರ್ಮಾನ ಆದಾಗ ಕೈಯಲ್ಲಿದ್ದದ್ದು 45,000 ರೂಪಾಯಿ. ಅದರಲ್ಲಿ 30,000 ಅಕ್ಕ ಸ್ವಸಹಾಯ ಸಂಘದಿಂದ ಎತ್ತಿದ ಸಾಲ. ವಾರ ವಾರ ಕಂತು. ಕಂಪ್ಯೂಟರ್ ಕೆಟ್ಟು ಕೂತರೂ ಕಂತು ನಿಲ್ಲಲ್ಲ.

ಹುಡುಗಿ ತಾನೇ ಹತ್ತಾರು ವಿಡಿಯೊ ನೋಡಿ ಒಂದು ಪಟ್ಟಿ ಆರಿಸಿ ನನಗೆ ಕಳಿಸಿದಳು. ಒಟ್ಟು ಮೊತ್ತ 45,000ಕ್ಕೆ ಹತ್ತೇ ರೂಪಾಯಿ ಕಡಿಮೆ, ಚಪ್ಪಲಿ ಅಂಗಡಿ ಲೆಕ್ಕ. ಇಂಟೆಲ್ ಐ3-12100ಎಫ್ ಚಿಪ್ಪು, ಹದಿನೇಳು ಸಾವಿರದ ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್ ಒಂದೇ ಕಡ್ಡಿ, ಬಣ್ಣದ ಫ್ಯಾನುಗಳ ಕ್ಯಾಬಿನೆಟ್ಟು, 1,400 ರೂಪಾಯಿಯ ಹೆಸರಿಲ್ಲದ '500 ವ್ಯಾಟ್' ಎಸ್‌ಎಂಪಿಎಸ್. ಅರ್ಧ ಗಂಟೆಗೆ ಅವಳದೇ ಫೋನ್ ಬಂತು: "ಚಿಕ್ಕಮ್ಮ, ಇದ್ರಲ್ಲಿ ಮಾನಿಟರ್ರೇ ಇಲ್ವಲ್ಲ!"

ಇಲ್ಲ. ಮಾನಿಟರ್ ಇಲ್ಲ, ಕೀಬೋರ್ಡು ಮೌಸು ಇಲ್ಲ, ಯುಪಿಎಸ್ ಇಲ್ಲ, ವಿಂಡೋಸ್ ಇಲ್ಲ. ಈ ಪಟ್ಟಿ ಬರೆದವರ ಮನಸ್ಸಿನಲ್ಲಿ ಇರೋ ಓದುಗ ಈಗಾಗಲೇ ಒಂದು ಕಂಪ್ಯೂಟರ್ ಇಟ್ಟುಕೊಂಡಿರುವವನು. ಹಳೆಯದರ ಸ್ಕ್ರೀನು ಅವನ ಮೇಜಿನ ಮೇಲೆ ಇದ್ದೇ ಇದೆ. ಮನೆಗೆ ಮೊಟ್ಟಮೊದಲ ಕಂಪ್ಯೂಟರ್ ತರುವವರು ಈ ಪ್ರಕಾರದ ಲೆಕ್ಕದಲ್ಲೇ ಇಲ್ಲ. 'ಬಜೆಟ್' ಅನ್ನೋ ಪದವನ್ನ ಶೀರ್ಷಿಕೆಯಲ್ಲಿ ಹಾಕಿಕೊಂಡ ಮೇಲೆ ಇದು ಸಣ್ಣ ಲೋಪ ಅಂತ ನನಗೆ ಅನ್ನಿಸಲ್ಲ.

ಇನ್ನು ಆ 'ಎಫ್' ಅಕ್ಷರ. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಸ್ಕ್ರೀನಿನಲ್ಲಿ ಏನೂ ಮೂಡಲ್ಲ. ಸ್ವಲ್ಪ ಅಗ್ಗಕ್ಕೆ ಸಿಗುತ್ತೆ ನಿಜ, ಆದರೆ ಆ ಉಳಿತಾಯ ನಿಮ್ಮನ್ನ ನೇರ ಹದಿನೇಳು ಸಾವಿರದ ಕಾರ್ಡಿನ ಮುಂದೆ ತಂದು ನಿಲ್ಲಿಸುತ್ತೆ. ಆ ಕಾರ್ಡು ಯಾವತ್ತಾದರೂ ಕೈಕೊಟ್ಟರೆ ಇಡೀ ಕಂಪ್ಯೂಟರ್ ಕುರುಡು. ಆಟೊಕ್ಯಾಡಿನಲ್ಲಿ ಮನೆಯ ಪ್ಲಾನು ಬರೆಯುವಾಗ ದುಡಿಯೋದು ಹೆಚ್ಚಾಗಿ ಚಿಪ್ಪಿನ ಒಂದು ಕೋರು. 2ಡಿ ಗೆರೆಗಳಿಗೆ ದೊಡ್ಡ ಕಾರ್ಡು ಬೇಕಿಲ್ಲ. ಆದ್ದರಿಂದ ನಾನು ಎಎಂಡಿಯ ರೈಜೆನ್ 5 5600ಜಿ ಅಂದೆ. 2021ರ ಚಿಪ್ಪು, ಆರು ಕೋರು, ಹನ್ನೆರಡು ಥ್ರೆಡ್ಡು, ಗ್ರಾಫಿಕ್ಸ್ ಒಳಗೇ ಇದೆ.

ಗೇಮಿಂಗ್ ಪಂಡಿತರು ಇಲ್ಲಿ ತಕ್ಷಣ ಕೈ ಎತ್ತುತ್ತಾರೆ. ಅವರ ಮಾತಲ್ಲಿ ಹುರುಳಿದೆ. 5600ಜಿ ಚಿಪ್ಪಿನಲ್ಲಿ ಎಲ್3 ಕ್ಯಾಶ್ 16 ಎಂಬಿ, ಅದರ ಅಣ್ಣ 5600ರಲ್ಲಿ 32. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನ ಗೇಮಿನಲ್ಲಿ ಆ ವ್ಯತ್ಯಾಸ ಕಾಣುತ್ತೆ. ಪಿಸಿಐಇ ಕೂಡ ಮೂರನೇ ತಲೆಮಾರಿನದು, ನಾಲ್ಕನೆಯದಲ್ಲ. ಒಪ್ಪಿದೆ. ಆದರೆ ಎರಡು ವರ್ಷದ ನಂತರ ಬರಬಹುದಾದ ಕಾರ್ಡಿಗಾಗಿ ಈ ವಾರದ ಕಂತು ಕಟ್ಟೋದು ಯಾವ ನ್ಯಾಯ? 'ಫ್ಯೂಚರ್ ಪ್ರೂಫ್' ಅನ್ನೋ ಮಾತನ್ನ ಈ ಪ್ರಕಾರ ಬೇಕಾಬಿಟ್ಟಿ ಬಳಸುತ್ತೆ. ಆ ಮಾತಿಗೆ ನಿಜವಾಗಿ ತಕ್ಕದ್ದಾಗಿದ್ದು ಎಎಂಡಿಯ ಎಎಂ4 ಸಾಕೆಟ್ಟು. 2016ರಲ್ಲಿ ಬಂದ ಆ ಸಾಕೆಟ್ಟಿಗೆ 2024ರಲ್ಲೂ ಹೊಸ ಚಿಪ್ಪು ಬಿಡುಗಡೆ ಆಯಿತು. ಅಷ್ಟು ದೀರ್ಘಾಯಸ್ಸು ಅಂತ ಅದು ಹುಟ್ಟಿದ ದಿನ ಯಾವ ಪಟ್ಟಿಯ ಪಂಡಿತರಿಗೂ ಗೊತ್ತಿರಲಿಲ್ಲ.

ರ‍್ಯಾಮ್ ವಿಷಯ ಬೇಗ ಹೇಳಿಬಿಡ್ತೀನಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪು ಇಲ್ಲ, ರ‍್ಯಾಮಿನಿಂದಲೇ ಸಾಲ ತಗೊಳ್ಳುತ್ತೆ. ಹಾಗಾಗಿ 16 ಜಿಬಿಯ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ ಹಾಕಬೇಕು. ಒಂದೇ ಕಾಲುವೆಯಲ್ಲಿ ಬರುವ ನೀರಿಗೂ ಜೋಡಿ ಕಾಲುವೆಯಲ್ಲಿ ಬರುವ ನೀರಿಗೂ ಇರುವಷ್ಟೇ ಫರಕು.

ನಾನು ನಿಜಕ್ಕೂ ಜಗಳಕ್ಕೆ ನಿಂತದ್ದು ಎಸ್‌ಎಂಪಿಎಸ್ ಹತ್ತಿರ. ಡಬ್ಬದ ಮೇಲೆ '500 ವ್ಯಾಟ್' ಅಂತ ಬರೆಯೋಕೆ ಮಸಿ ಇದ್ದರೆ ಸಾಕು. ಪಕ್ಕದಲ್ಲಿ ಅಂಟಿಸಿರುವ ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲನ್ನ ನೋಡಿ. ಅಲ್ಲಿ 20 ಆಂಪಿಯರ್ ಅಂತಿದ್ದರೆ ಹನ್ನೆರಡಿಪ್ಪತ್ತಲೆ 240 ವ್ಯಾಟ್. ಈಗಿನ ಚಿಪ್ಪು, ಕಾರ್ಡು ಎರಡೂ ಉಣ್ಣೋದು ಆ 12 ವೋಲ್ಟಿನ ತಟ್ಟೆಯಲ್ಲೇ. ಉಳಿದ ವ್ಯಾಟುಗಳು ಅಲಂಕಾರಕ್ಕೆ. '80 ಪ್ಲಸ್' ಮುದ್ರೆ ಇದ್ದರೆ ಒಳ್ಳೇದು, ಆದರೆ ಅದು ಹೇಳೋದು ಕರೆಂಟು ಎಷ್ಟು ಪೋಲಾಗಲ್ಲ ಅನ್ನೋದನ್ನ ಮಾತ್ರ. ವೋಲ್ಟೇಜ್ ಏರುಪೇರಾದಾಗ ಒಳಗಿನ ರಕ್ಷಣೆ ಕೆಲಸ ಮಾಡುತ್ತಾ ಅನ್ನೋದು ಬೇರೆ ಪ್ರಶ್ನೆ. ಊರಲ್ಲಿ ಮುಖ್ಯ ಆ ಎರಡನೇ ಪ್ರಶ್ನೆಯೇ. ಗುಡುಗು ಸಿಡಿಲಿನ ಸಂಜೆ, ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಮಿಣುಕುವ ಬಲ್ಬು, ಇವು ಯಾವ ಬೆಂಚ್‌ಮಾರ್ಕಿನಲ್ಲೂ ಬರಲ್ಲ.

ಇದಕ್ಕಿಂತ ದೊಡ್ಡ ವಿಷಯ ಅರ್ಥಿಂಗ್. ಅಕ್ಕನ ಮನೆಯ ನಡುಮನೆಯಲ್ಲಿ ಮೂರು ಪಿನ್ನಿನ ಸಾಕೆಟ್ಟು ಇತ್ತು, ಮೂರನೇ ತೂತಿಗೆ ತಂತಿಯೇ ಇರಲಿಲ್ಲ. ಹಳೇ ಮನೆಗಳಲ್ಲಿ ಇದು ಸಾಮಾನ್ಯ. ಅಂಥ ಕಡೆ ಕಂಪ್ಯೂಟರ್ ಹಾಕಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. 'ಶಾಕ್ ಹೊಡೀತದೆ, ಚಪ್ಪಲಿ ಹಾಕ್ಕೊಂಡು ಕೂತ್ಕೊ' ಅಂತ ಮನೆಯವರು ಪರಿಹಾರ ಹೇಳ್ತಾರೆ. ಆಗ್ತಿರೋದು ಏನಂದರೆ, ಎಸ್‌ಎಂಪಿಎಸ್ ಒಳಗೆ ಗಲಾಟೆಯ ಸಿಗ್ನಲ್ಲುಗಳನ್ನ ಸೋಸೋಕೆ ಲೈನಿನಿಂದಲೂ ನ್ಯೂಟ್ರಲ್ಲಿನಿಂದಲೂ ಅರ್ಥಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಕಟ್ಟಿರುತ್ತಾರೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ತಗಡು ಆ ಎರಡರ ನಡುವೆ ತೂಗಾಡುತ್ತಾ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ನಿಲ್ಲುತ್ತೆ. ಹರಿಯೋ ಕರೆಂಟು ತೀರಾ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ಒಳಗೆ ನಿಜವಾಗಿ ಯಾವುದಾದರೂ ತಂತಿ ತಗಡಿಗೆ ತಾಗಿದ ದಿನ ಕರೆಂಟಿಗೆ ನೆಲಕ್ಕೆ ಇಳಿಯೋಕೆ ದಾರಿ ಅಂತ ಇರೋದು ಮುಟ್ಟಿದವರ ಮೈ.

ಪೈಪು, ಇದ್ದಿಲು, ಉಪ್ಪು, ಗುಂಡಿ ತೋಡಿದವರ ಕೂಲಿ, ತಂತಿ, ಎಲೆಕ್ಟ್ರಿಷಿಯನ್ನು ಎಲ್ಲ ಸೇರಿ 2,100 ರೂಪಾಯಿ ಆಯಿತು. 'ಕಂಪ್ಯೂಟರ್ ತಗೊಳ್ಳೋಕೆ ಹೋಗಿ ಹಿತ್ತಲಲ್ಲಿ ಗುಂಡಿ ತೋಡಿಸ್ತಿದ್ದೀಯಲ್ಲೇ' ಅಂತ ಅಕ್ಕ ನಕ್ಕಳು. ಐವತ್ತು ಸಾವಿರದ ಯಾವ ಪಟ್ಟಿಯಲ್ಲೂ ನಾನು ಈ ಸಾಲು ನೋಡಿಲ್ಲ. ಬಣ್ಣದ ಫ್ಯಾನಿನ ಸಾಲು ಎಲ್ಲದರಲ್ಲೂ ಇದೆ.

ಯುಪಿಎಸ್ಸಿಗೆ 3,000. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನಮ್ಮ ಮಷೀನು ಮಾನಿಟರ್ ಸೇರಿ ನೂರರ ಆಸುಪಾಸು ಎಳೆಯುತ್ತೆ. ಕರೆಂಟ್ ಹೋದಾಗ ಡ್ರಾಯಿಂಗ್ ಸೇವ್ ಮಾಡಿ ಮುಚ್ಚೋಕೆ ಹತ್ತು ನಿಮಿಷ ಸಿಕ್ಕರೆ ಸಾಕು. ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿದ್ದರೆ ಯುಪಿಎಸ್ಸೂ ದೊಡ್ಡದು ಬೇಕಾಗುತ್ತಿತ್ತು. ನಾಯಕನ ಖರ್ಚು ಅವನ ಸಂಬಳಕ್ಕೇ ಮುಗಿಯಲ್ಲ.

ವಿಂಡೋಸ್ ಬಗ್ಗೆ ಈ ಪ್ರಕಾರ ತೋರಿಸುವ ಮೌನ ಮಾತ್ರ ನನಗೆ ಅಸಹ್ಯ. ಪಟ್ಟಿಯಲ್ಲಿ ಅದಕ್ಕೆ ಸೊನ್ನೆ ರೂಪಾಯಿ, ಜೊತೆಗೊಂದು ಕಣ್ಣು ಮಿಟುಕು. ಲಿನಕ್ಸ್ ಹಾಕಿಕೊಳ್ಳಿ ಅಂತ ನಾನು ಬಹಳ ಜನಕ್ಕೆ ಹೇಳಿದ್ದೀನಿ. ಕನ್ನಡ ಬರೆಯೋರಿಗಂತೂ ಕಗಪ ಕೀಲಿಮಣೆ ಅದರಲ್ಲಿ ಸಿದ್ಧವಾಗೇ ಸಿಗುತ್ತೆ. ಆದರೆ ಆಟೊಕ್ಯಾಡ್ ಲಿನಕ್ಸಿಗೆ ಬರಲ್ಲ. ಹುಡುಗಿಗೆ ಕಾಲೇಜಿನ ಮೂಲಕ ವಿದ್ಯಾರ್ಥಿ ಲೈಸೆನ್ಸ್ ಸಿಕ್ಕಿತು, ಆಟೊಕ್ಯಾಡನ್ನೂ ಆ ಕಂಪನಿ ವಿದ್ಯಾರ್ಥಿಗಳಿಗೆ ಉಚಿತ ಕೊಡುತ್ತೆ. ಈ ಎರಡೂ ಇಲ್ಲದಿದ್ದರೆ ನಮ್ಮ ಲೆಕ್ಕ ಅಲ್ಲೇ ಮುರಿದು ಬೀಳ್ತಿತ್ತು.

ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಯಾಕೆ ಬೇಡ ಅಂತ ನೀವು ಕೇಳಬಹುದು. ಕೇಳಲೇಬೇಕು. ಕಂಪನಿಗಳು ಹೊರಗೆ ಹಾಕಿದ ಡೆಲ್, ಎಚ್‌ಪಿ ಡಬ್ಬಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ, ಬರೀ ಓದು ಬರಹಕ್ಕಾದರೆ ನಾನೂ ಅದನ್ನೇ ಹೇಳ್ತಿದ್ದೆ. ಎರಡು ಕಾರಣಕ್ಕೆ ಬಿಟ್ಟೆವು. ವಿಂಡೋಸ್ 11 ಅಧಿಕೃತವಾಗಿ ಒಪ್ಪೋದು ಇಂಟೆಲ್ಲಿನ ಎಂಟನೇ ತಲೆಮಾರಿನಿಂದ ಮೇಲಕ್ಕೆ, ನಮಗೆ ಅಗ್ಗಕ್ಕೆ ತೋರಿಸಿದ್ದೆಲ್ಲ ಆರನೆಯದು, ಏಳನೆಯದು. ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರಿನಲ್ಲಿ ಮುಗಿಯುತ್ತೆ ಅಂತ ಆಗಲೇ ಗೊತ್ತಿತ್ತು. ಎರಡನೆಯದು, ಅಂಥ ಡಬ್ಬಗಳಲ್ಲಿ ಎಷ್ಟೋ ಸಲ ಪವರ್ ಸಪ್ಲೈ, ಬೋರ್ಡು ಎರಡೂ ಆಯಾ ಕಂಪನಿಯದೇ ಅಳತೆ, ಅದೇ ಪ್ಲಗ್ಗು. ಕೆಟ್ಟರೆ ನಂಜನಗೂಡಿನ ಅಂಗಡಿಯಲ್ಲಿ ಸಿಗೋ ಸಾಮಾನು ಅದಕ್ಕೆ ಕೂರಲ್ಲ.

ಅಸೆಂಬಲ್ಡ್‌ನ ನಿಜವಾದ ಗುಣ ನನಗೆ ಕಂಡದ್ದು ಇಲ್ಲೇ. ಅದೇ ತಾಲ್ಲೂಕಿನ ಬದನವಾಳಿನಲ್ಲಿ 2015ರಲ್ಲಿ ರಂಗಕರ್ಮಿ ಪ್ರಸನ್ನ ಕೈಉತ್ಪನ್ನದ ಪರವಾಗಿ ಸತ್ಯಾಗ್ರಹ ಮಾಡಿದ್ದರು. ನಾಲ್ಕು ಸ್ಕ್ರೂ ತಿರುಗಿಸಿ 'ನಾನೇ ಕಟ್ಟಿದೆ' ಅನ್ನೋರನ್ನ ನೋಡಿದಾಗ ನನಗೆ ಆ ಊರಿನ ಮಗ್ಗ ನೆನಪಾಗಿ ನಗು ಬರುತ್ತೆ. ಚಿಪ್ಪು ಎಲ್ಲಿಂದಲೋ, ಬೋರ್ಡು ಎಲ್ಲಿಂದಲೋ, ನಮ್ಮದು ಜೋಡಣೆ ಮಾತ್ರ. ಆದರೆ ಬಿಚ್ಚಿ ನೋಡಬಹುದು, ಕೆಟ್ಟ ಒಂದು ಭಾಗ ಮಾತ್ರ ಬದಲಿಸಬಹುದು. ಅಷ್ಟು ಸಾಕು.

ಕೊಳ್ಳುವ ಜಾಗದ ವಿಷಯದಲ್ಲೂ ಪಟ್ಟಿಗಳು ದಾರಿ ತಪ್ಪಿಸುತ್ತವೆ. ಇದು ಈ ಸೈಟಿನಲ್ಲಿ, ಅದು ಆ ಅಂಗಡಿಯಲ್ಲಿ ಅಂತ ಒಂದೊಂದು ಕಡೆಯ ಕಡಿಮೆ ಬೆಲೆ ಹೆಕ್ಕಿ ಕೂಡಿಸಿರುತ್ತಾರೆ. ಹಾಗೆ ಮಾಡಿದ್ದರೆ ನಮಗೆ ಸಾವಿರದೈನೂರು ಉಳೀತಿತ್ತು. ಆದರೆ ಸ್ಕ್ರೀನು ಬರದೆ ಹೋದ ದಿನ ದೋಷ ಬೋರ್ಡಿನದೋ ರ‍್ಯಾಮಿನದೋ ಅಂತ ಕಂಡುಹಿಡಿಯೋಕೆ ನಾಲ್ಕು ಕಡೆ ವಾರಂಟಿ ಹಿಡಿದು ಅಲೆಯೋರು ಯಾರು? ಬೆಂಗಳೂರಲ್ಲಿರೋ ನನಗೆ ಎಸ್‌ಪಿ ರೋಡು ಮೆಟ್ರೋ ದೂರ. ಕವಲಂದೆಯಿಂದ ಹೋಗಿ ಬರೋದು ಒಂದು ದಿನದ ಕೂಲಿ. ಮೈಸೂರಿನ ಒಂದೇ ಅಂಗಡಿಯಲ್ಲಿ, ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಂಡು ತಗೊಂಡೆವು.

ಲೆಕ್ಕ ಹೀಗೆ ಬಂತು. ಚಿಪ್ಪು 12,000, ನಾಲ್ಕು ರ‍್ಯಾಮ್ ಸ್ಲಾಟಿನ ಬೋರ್ಡು 7,800, ರ‍್ಯಾಮ್ 3,500, 500 ಜಿಬಿ ಎಸ್‌ಎಸ್‌ಡಿ 3,300, ಎಸ್‌ಎಂಪಿಎಸ್ 3,700, ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ 2,200, ಮಾನಿಟರ್ 7,400, ಕೀಬೋರ್ಡು ಮೌಸು 900, ಯುಪಿಎಸ್ 3,000. ಒಟ್ಟು 43,800. ಅರ್ಥಿಂಗ್ ಸೇರಿಸಿದರೆ 45,900. ಹೆಚ್ಚಾದ 900 ಚಿಕ್ಕಮ್ಮನ ಪಾಲು.

2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮಿನ ಬೆಲೆ ಎರಡರಷ್ಟನ್ನೂ ಮೀರಿ ಹೋಯಿತು, ಹಾಗಾಗಿ ಮೇಲಿನ ಅಂಕಿಗಳನ್ನ ಹಿಡಿದುಕೊಂಡು ಯಾರೂ ಅಂಗಡಿಗೆ ಹೋಗಬೇಡಿ. ಅಕ್ಕನ ಸಾಲ ತೀರಿದೆ. ಹುಡುಗಿ ಈಗ ರೆವಿಟ್ ಕಲೀಬೇಕು ಅಂತಿದ್ದಾಳೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು 32 ಜಿಬಿ ಬೇಕು, ಬೋರ್ಡಿನಲ್ಲಿ ಎರಡು ಸ್ಲಾಟು ಖಾಲಿ ಇವೆ, ಬೆಲೆ ಇಳಿಯಲಿ ಅಂತ ಕಾಯ್ತಿದ್ದೀವಿ.