ಪಟ್ಟಿಗೆ ಬೀಳದ ‘ರೆಡ್ ಹಾಟ್’

ರಾಕ್ ಅಂಡ್ ರೋಲ್ ಎಂದ ಕೂಡಲೇ ಎಲ್ವಿಸ್, ಚಕ್ ಬೆರ್ರಿ, ಲಿಟಲ್ ರಿಚರ್ಡ್ ಎಂದು ಮೂರು ಹೆಸರು ಹೇಳಿ ಸುಮ್ಮನಾಗುವವರಿಗೆ ನಾನು ಕೇಳಿಸುವುದು ಬಿಲ್ಲಿ ಲೀ ರೈಲಿಯ ‘ರೆಡ್ ಹಾಟ್’. ಮೆಂಫಿಸ್ ಊರಿನ ಸನ್ ಕಂಪನಿ 1957ರಲ್ಲಿ ತಂದ ರೆಕಾರ್ಡು. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಕೂಡ ಅದಕ್ಕೆ ಜಾಗ ಸಿಗಲಿಲ್ಲ.

ಹಾಡು ಶುರುವಾಗುವುದೇ ಜಂಬದಿಂದ. ನನ್ನ ಹುಡುಗಿ ಕೆಂಡದಂಥವಳು ಎಂದು ರೈಲಿ ಅರಚುತ್ತಾನೆ; ಬ್ಯಾಂಡಿನವರು ಬಿಡುವುದಿಲ್ಲ, ನಿನ್ನವಳೇನು ಮಹಾ ಎಂದು ಒಕ್ಕೊರಲಿನಲ್ಲಿ ಅಣಕಿಸುತ್ತಾರೆ. ಈ ಸವಾಲು-ಜವಾಬಿನಲ್ಲೇ ಅರ್ಧ ಮಜಾ. ರೈಲಿಯ ದನಿ ಗಂಟಲನ್ನು ಗೀರಿಕೊಂಡೇ ಹೊರಬರುತ್ತದೆ, ಆದರೂ ಎಲ್ಲೂ ಲಯ ತಪ್ಪುವುದಿಲ್ಲ. ಜೆ. ಎಂ. ವ್ಯಾನ್ ಈಟನ್‌ನ ಡ್ರಮ್ಮಿಗೆ ಅವಸರವಿಲ್ಲ. ತುಸು ಸಡಿಲವಾಗಿ ಓಲಾಡುತ್ತಲೇ ಹಾಡನ್ನು ಮುಂದಕ್ಕೆ ದೂಡುತ್ತದೆ. ನಡುವೆ ರೋಲಂಡ್ ಜೇನ್ಸ್‌ನ ಗಿಟಾರು ನುಗ್ಗಿದಾಗ ಕಿವಿಗೊಟ್ಟು ಕೇಳಿ: ಕೈಚಳಕದ ಪ್ರದರ್ಶನ ಅಲ್ಲಿಲ್ಲ, ಚುರುಕು ಮಾತಿನವನ ಪಟಪಟ ಉತ್ತರವಿದೆ. ಇದೆಲ್ಲದರ ಸುತ್ತ ಆ ಪ್ರಸಿದ್ಧ ಮಾರ್ದನಿ. ಸನ್ ಕಂಪನಿಯ ಒಡೆಯ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಯಂತ್ರಗಳ ನಡುವಿನ ಕ್ಷಣಾರ್ಧದ ತಡವನ್ನೇ ಬಳಸಿ ಅದನ್ನು ಹುಟ್ಟಿಸುತ್ತಿದ್ದ. ಅದರಿಂದಲೇ ಬೆರಳೆಣಿಕೆಯ ಜನರ ಬ್ಯಾಂಡು ಒಂದು ಗುಂಪಿನಷ್ಟು ಗದ್ದಲವೆಬ್ಬಿಸುತ್ತದೆ.

ಹಾಡು ರೈಲಿಯದಲ್ಲ. ಅದೇ ಸನ್ ಕಂಪನಿಗೆ 1955ರಲ್ಲಿ ಕರಿಯ ಗಾಯಕ ಬಿಲ್ಲಿ ಎಮರ್ಸನ್ ಬರೆದು ಹಾಡಿದ್ದು. ಅರ್ಕಾನ್ಸಾಸಿನ ಬಡ ಗೇಣಿದಾರನ ಮಗ ರೈಲಿ ಹತ್ತಿ ಹೊಲಗಳಲ್ಲಿ ಕರಿಯ ಕೂಲಿಗಳ ಜೊತೆ ಬೆಳೆದವನು, ಬ್ಲೂಸ್ ಕಲಿತದ್ದೂ ಅವರಿಂದಲೇ. ಆ ಸಾಲ ಅವನ ಹಾಡುಗಾರಿಕೆಯಲ್ಲಿ ಎದ್ದು ಕಾಣುತ್ತದೆ.

ಮತ್ತೆ ಈ ರೆಕಾರ್ಡು ಯಾಕೆ ಸೋತಿತು? ಅದೇ ಹೊತ್ತಿಗೆ ಫಿಲಿಪ್ಸ್‌ನ ಕೈಯಲ್ಲಿ ಜೆರ್ರಿ ಲೀ ಲೂಯಿಸ್‌ನ ‘ಗ್ರೇಟ್ ಬಾಲ್ಸ್ ಆಫ್ ಫೈರ್’ ಇತ್ತು. ಸಣ್ಣ ಕಂಪನಿ, ಇದ್ದ ಹಣವನ್ನೂ ಓಡಾಟವನ್ನೂ ಅದರ ಮೇಲೆ ಸುರಿಯಿತು; ಆ ಹಾಡು ಎರಡನೇ ಸ್ಥಾನಕ್ಕೇರಿತು. ತನ್ನ ರೆಕಾರ್ಡನ್ನು ಬಲಿಕೊಟ್ಟರು ಎಂಬ ಕೊರಗು ರೈಲಿಗೆ ಉಳಿಯಿತು. ಅವನು ಕುಡಿದು ಸ್ಟುಡಿಯೋದೊಳಗೆ ಮದ್ಯ ಚೆಲ್ಲಾಡಿ ರಂಪ ಮಾಡಿದ ಕಥೆಯೂ ಇದೆ. ನನಗಂತೂ ಅವನ ಮೇಲೆ ಸಿಟ್ಟು ಬರುವುದಿಲ್ಲ. ನೂರು ಹಾಡುಗಳ ಪಟ್ಟಿಯೊಳಗೆ ಬರಲಾಗದೆ ಹೊಸ್ತಿಲಲ್ಲೇ ನಿಂತ ಹಾಡುಗಳಿಗೆಂದು ಬಿಲ್‌ಬೋರ್ಡ್ ಬೇರೆಯೇ ಒಂದು ಪಟ್ಟಿ ಶುರುಮಾಡಿದ್ದು 1959ರ ಜೂನ್‌ನಲ್ಲಿ. ರೈಲಿಗೆ ಆ ಸಮಾಧಾನವೂ ದಕ್ಕಲಿಲ್ಲ.

ಇವನಂಥವರು ಇನ್ನೂ ಇದ್ದಾರೆ. ಜಾನಿ ಬರ್ನೆಟ್ ಮತ್ತು ಸಂಗಡಿಗರ ‘ದ ಟ್ರೇನ್ ಕೆಪ್ಟ್ ಎ-ರೋಲಿನ್’ (1956) ಕೇಳಿ. ಗಿಟಾರಿನ ಒಡಕು ದನಿ ಕರಕರ ಎನ್ನುತ್ತ ಹಳಿಯ ಮೇಲೆ ಸಾಗುತ್ತದೆ. ಆಂಪ್ಲಿಫೈಯರ್ ಕೆಳಗೆ ಬಿದ್ದು ವಾಲ್ವ್ ಸಡಿಲಾಗಿ ಆ ದನಿ ಸಿಕ್ಕಿತೆಂದು ಗಿಟಾರಿಗ ಪಾಲ್ ಬರ್ಲಿಸನ್ ಹೇಳುತ್ತಿದ್ದ. ಅಮೆರಿಕದ ಪಟ್ಟಿಗೆ ಅದೂ ಬೀಳಲಿಲ್ಲ. ಆದರೆ ಯಾರ್ಡ್‌ಬರ್ಡ್ಸ್, ಏರೋಸ್ಮಿತ್ ತಂಡಗಳು ಮುಂದೆ ಅದನ್ನೇ ಎತ್ತಿಕೊಂಡವು. ಕಾರ್ಲ್ ಪರ್ಕಿನ್ಸ್‌ನ ‘ಮ್ಯಾಚ್‌ಬಾಕ್ಸ್’ ರೆಕಾರ್ಡಿನ ಹಿಂಬದಿಯಲ್ಲಿ ಅಡಗಿತ್ತು. 1964ರಲ್ಲಿ ಬೀಟಲ್ಸ್ ಹಾಡಿದಾಗ ಅಮೆರಿಕದಲ್ಲಿ 17ನೇ ಸ್ಥಾನ. ವಾಂಡಾ ಜಾಕ್ಸನ್‌ಳ ‘ಫುಜಿಯಾಮಾ ಮಾಮಾ’ದ್ದು ಎಲ್ಲಕ್ಕಿಂತ ವಿಚಿತ್ರ: ಹಿರೋಶಿಮಾ, ನಾಗಾಸಾಕಿಗಳ ಹೆಸರೆತ್ತಿ ಅಬ್ಬರಿಸುವ ಈ ಹಾಡನ್ನು ಅಮೆರಿಕ ಕೈಬಿಟ್ಟಿತು, ಜಪಾನ್ ಅಪ್ಪಿಕೊಂಡಿತು!

ಇವುಗಳಲ್ಲಿ ಹೆಚ್ಚಿನವನ್ನು 1970ರ ದಶಕದಿಂದ ಮತ್ತೆ ಹೊರತಂದವರು ಯುರೋಪಿನ ಸಂಗ್ರಹಕಾರರು. ಜರ್ಮನಿಯ ಬೇರ್ ಫ್ಯಾಮಿಲಿಯಂಥ ಕಂಪನಿಗಳು ಮೂಲ ಟೇಪುಗಳನ್ನು ಹುಡುಕಿ, ಹಾಡುಗಾರನ ಜೀವನಚರಿತ್ರೆಯ ಸಮೇತ ಪೆಟ್ಟಿಗೆಗಟ್ಟಲೆ ಪ್ರಕಟಿಸಿದವು. 1977ರಲ್ಲಿ ರಾಬರ್ಟ್ ಗಾರ್ಡನ್, ಲಿಂಕ್ ರೇ ಜೊತೆಗೂಡಿ ‘ರೆಡ್ ಹಾಟ್’ ಹಾಡಿದಾಗ ಅದು ಕೊನೆಗೂ ಪಟ್ಟಿ ಸೇರಿತು, 83ನೇ ಸ್ಥಾನಕ್ಕೆ. ಅಚ್ಚುಕಟ್ಟಾದ ಹಾಡುಗಾರಿಕೆ, ತಕರಾರಿಲ್ಲ. ರೈಲಿ 2009ರಲ್ಲಿ ತೀರಿಕೊಂಡ. 2015ರಲ್ಲಿ ಬಾಬ್ ಡಿಲನ್ ಸನ್ಮಾನವೊಂದರ ವೇದಿಕೆಯಿಂದ ಅವನನ್ನು ಬಾಯ್ತುಂಬ ಹೊಗಳಿದ. ಎರಡು ‘ರೆಡ್ ಹಾಟ್’ಗಳನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಪಟ್ಟಿ ಸೇರಿದ್ದು ಗಾರ್ಡನ್‌ನದು, ಮತ್ತೆ ಹಾಕಬೇಕೆನಿಸುವುದು ರೈಲಿಯದು.