ಗಾಜಿನ ಪೆಟ್ಟಿಗೆಯೊಳಗಿನ ಹುಲಿ: ಲಂಡನ್ನಿನ ಒಂದು ಕಲಾಸಂಗ್ರಹಾಲಯವನ್ನು ಕುರಿತು

ವಿದೇಶದ ಪ್ರಸಿದ್ಧ ಸಂಗ್ರಹಾಲಯಗಳನ್ನು ಕಂಡು ಬಂದವರ ಬರಹಗಳು ಕನ್ನಡದಲ್ಲಿ ವಿರಳವಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಭಾವಗಳು ತೋರುತ್ತವೆ: ಆ ಜನರ ಅಚ್ಚುಕಟ್ಟುತನವನ್ನು ಕಂಡ ಬೆರಗು ಒಂದು, ನಮ್ಮ ಸೊತ್ತು ಅಲ್ಲಿರುವುದನ್ನು ಕಂಡ ಸಂಕಟ ಇನ್ನೊಂದು. ಎರಡೂ ಸಹಜವೇ, ಆದರೆ ಇತಿಹಾಸದ ವಿದ್ಯಾರ್ಥಿಗೆ ಎರಡೂ ಸಾಲವು. ಸಂಗ್ರಹಾಲಯವೂ ಒಂದು ಬಗೆಯ ಗ್ರಂಥವೇ. ವಸ್ತುಗಳನ್ನು ಆಯ್ದು, ಒಂದರ ಬಳಿ ಇನ್ನೊಂದನ್ನು ಇರಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದವರು ಅಲ್ಲಿಯೂ ಇದ್ದಾರೆ. ಆದುದರಿಂದ ಗ್ರಂಥಕ್ಕೆ ಸಲ್ಲುವ ವಿಮರ್ಶೆ ಅದಕ್ಕೂ ಸಲ್ಲಬೇಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 'ಟಿಪ್ಪುವಿನ ಹುಲಿ'ಯ ಮುಂದೆ ನಿಂತಾಗ ಹೊಳೆದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಿದ್ದೇನೆ.

ಮರದಲ್ಲಿ ಕೆತ್ತಿ ಬಣ್ಣ ಬಳಿದ ಈ ಹುಲಿ ಸುಮಾರು 178 ಸೆಂಟಿಮೀಟರ್ ಉದ್ದವಿದೆ. ಕೆಂಪು ಅಂಗಿ ತೊಟ್ಟು ಅಂಗಾತ ಬಿದ್ದಿರುವ ಯೂರೋಪಿಯನ್ನನೊಬ್ಬನ ಕೊರಳಿಗೆ ಅದು ಬಾಯಿ ಹಾಕಿದೆ. ಪಾರ್ಶ್ವದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿ ಗಾಳಿಯೂದಿ, ಮನುಷ್ಯನ ಎಡಗೈ ಮೇಲೆದ್ದು ಬೀಳುತ್ತದೆ. ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತವೆ. ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ 18 ಸ್ವರಗಳ ಒಂದು ಆರ್ಗನ್ ವಾದ್ಯವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾದ ಬಳಿಕ ಅರಮನೆಯ ಸಂಗೀತಶಾಲೆಯಲ್ಲಿ ದೊರೆತ ಈ ಯಂತ್ರವನ್ನು 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ, ಅದೂ ವಾಚನಾಲಯದಲ್ಲಿ, ಪ್ರದರ್ಶಿಸಲಾಯಿತು. ಬಂದವರೆಲ್ಲ ಹಿಡಿಕೆ ತಿರುಗಿಸಿ ಸದ್ದೆಬ್ಬಿಸುತ್ತಿದ್ದುದರಿಂದ ಅಲ್ಲಿ ಓದುವವರು ಬೇಸತ್ತಿದ್ದರಂತೆ. (ನಮ್ಮ ಕಾಲೇಜುಗಳ ಗ್ರಂಥಪಾಲಕರಿಗೆ ಈ ಕಷ್ಟ ಅಪರಿಚಿತವೇನಲ್ಲ.) 1880ರ ವೇಳೆಗೆ ಅದು ಈಗಿನ ಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಚೂರುಚೂರಾಯಿತು. ಆ ಚೂರುಗಳನ್ನು ತಾಳ್ಮೆಯಿಂದ ಜೋಡಿಸಿದ ಕೆಲಸವನ್ನು ಮೆಚ್ಚಲೇಬೇಕು. ಈಗ ಅದು ಗಾಜಿನೊಳಗೆ ಮೌನವಾಗಿದೆ.

ಸರ್ ಹೆಕ್ಟರ್ ಮನ್ರೋನ ಮಗ 1792ರಲ್ಲಿ ಬಂಗಾಳದಲ್ಲಿ ಹುಲಿಯ ಬಾಯಿಗೆ ತುತ್ತಾದ ಸುದ್ದಿ ಕೇಳಿ ಟಿಪ್ಪು ಇದನ್ನು ಮಾಡಿಸಿದನೆಂಬ ಊಹೆ ಬಹು ಜನಪ್ರಿಯವಾದುದು. ಈ ಕಥೆಗೆ ನಾವು ಕೊಡುತ್ತಿರುವ ಪ್ರಾಶಸ್ತ್ಯ ಅತಿಯಾಯಿತೆಂದು ನನ್ನ ಅಭಿಪ್ರಾಯ. ಅದು ಒಂದು ರಾಜ್ಯದ ಲಾಂಛನವನ್ನು ಒಬ್ಬನ ಹಗೆಯ ಆಟಿಕೆಯನ್ನಾಗಿ ಇಳಿಸುತ್ತದೆ. ಟಿಪ್ಪುವಿನ ಸಿಂಹಾಸನ, ಫಿರಂಗಿ, ಕತ್ತಿ, ಸೈನಿಕರ ಉಡುಪು ಎಲ್ಲದರಲ್ಲಿಯೂ ಹುಲಿಯೋ ಹುಲಿಪಟ್ಟೆಯೋ ಇದ್ದೇ ಇತ್ತು. 'ಅಸದ್ ಅಲ್ಲಾಹ್ ಅಲ್-ಗಾಲಿಬ್', ಎಂದರೆ 'ದೇವರ ಸಿಂಹವೇ ಜಯಶಾಲಿ', ಎಂಬ ಅರಬ್ಬೀ ಮಾತನ್ನೇ ಹುಲಿಯ ಮುಖದಂತೆ ಹೆಣೆದು ಅವನ ಆಯುಧಗಳ ಮೇಲೆ ಮೂಡಿಸಿದ್ದರು.

ಇದರ ಅರ್ಥವನ್ನು ಆಂಗ್ಲರು ಚೆನ್ನಾಗಿಯೇ ಗ್ರಹಿಸಿದ್ದರು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡವರಿಗಾಗಿ ಕಂಪನಿಯು ಟಂಕಿಸಿದ ಪದಕದಲ್ಲಿ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಮೇಲಿನ ಪತಾಕೆಯಲ್ಲಿ ಅದೇ ಅರಬ್ಬೀ ಮಾತು! ಗೆದ್ದವರು ನೆಲದೊಡನೆ ಬಿರುದನ್ನೂ ಕಿತ್ತುಕೊಂಡರು. ಮರದ ಹುಲಿಯೂ ಈ ಪದಕವೂ ಒಂದೇ ವಾಗ್ವಾದದ ಎರಡು ಮಾತುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದವನು ಅರ್ಧ ಸಂಭಾಷಣೆಯನ್ನಷ್ಟೇ ಕೇಳಿದಂತೆ.

ನನ್ನ ಆಕ್ಷೇಪದ ಮೂಲ ಇಲ್ಲಿದೆ. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ದೊಡ್ಡ ಹುಲಿಯ ತಲೆ ಮತ್ತು ಹುಮಾ ಪಕ್ಷಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ ಸೇರಿದವು. ಟಿಪ್ಪುವಿನ ಡೇರೆ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಅವನು ಕನಸುಗಳನ್ನು ಬರೆದಿಟ್ಟ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹೀಗೆ ಒಂದು ಆಸ್ಥಾನದ ಭಾಷೆ ಬಿಡಿಬಿಡಿ ಪದಗಳಾಗಿ ಚದುರಿತು. ಒಂಟಿಯಾಗಿ ನಿಂತ ಹುಲಿಯು ನೋಡುವವರ ಕಣ್ಣಿಗೆ ವಿಚಿತ್ರ ಯಂತ್ರವಾಗಿ ಮಾತ್ರ ಉಳಿಯುತ್ತದೆ. ಅದು ಯುದ್ಧದಲ್ಲಿ ಪಡೆದ ವಸ್ತುವೆಂಬುದನ್ನು ಸಂಗ್ರಹಾಲಯ ಮುಚ್ಚಿಟ್ಟಿಲ್ಲ. ಆ ಮಟ್ಟಿಗೆ ಅದು ಪ್ರಾಮಾಣಿಕವೇ. ಆದರೆ 'ಎಲ್ಲಿಂದ ತಂದದ್ದು' ಎಂಬುದಕ್ಕೆ ಉತ್ತರ ಕೊಟ್ಟ ಮಾತ್ರಕ್ಕೆ 'ಯಾವುದರಿಂದ ಬೇರ್ಪಡಿಸಿದ್ದು' ಎಂಬುದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ.

ಹಂಪೆಯ ಸಮೀಪದವರಾದ ನಾವು ಈ ಪ್ರಶ್ನೆಯನ್ನು ಲಂಡನ್ನಿನವರಿಗೆ ಮಾತ್ರ ಕೇಳಿ ಸುಮ್ಮನಾಗುವಂತಿಲ್ಲ. ಗಜಪತಿಗಳ ಉದಯಗಿರಿಯನ್ನು ಗೆದ್ದ ಕೃಷ್ಣದೇವರಾಯನು ಅಲ್ಲಿಯ ಬಾಲಕೃಷ್ಣನ ವಿಗ್ರಹವನ್ನು ತಂದು 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠಾಪಿಸಿದನು. ಅದೂ ಯುದ್ಧದ ಗಳಿಕೆಯೇ. ಗುಡಿಯ ಶಾಸನವೇ ಅದನ್ನು ಹೇಳುತ್ತದೆ. ವ್ಯತ್ಯಾಸವಿರುವುದು ಮುಂದಿನ ನಡೆಯಲ್ಲಿ: ತಂದ ದೇವರಿಗೆ ಗುಡಿ, ದತ್ತಿ, ನಿತ್ಯಪೂಜೆ ದೊರೆತವು, ವಿಗ್ರಹವು ವಿಗ್ರಹವಾಗಿಯೇ ಬಾಳಿತು. ಈಗ ಅದು ಚೆನ್ನೈ ಸರ್ಕಾರಿ ಸಂಗ್ರಹಾಲಯದಲ್ಲಿದೆ, ಗುಡಿಯ ಗರ್ಭಗೃಹ ಬರಿದಾಗಿದೆ. ಕೂಡ್ಲಿಗಿ, ಹೊಸಹಳ್ಳಿ, ಕೊಟ್ಟೂರುಗಳಿಂದ ಹಂಪೆಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈ ಬರಿದನ್ನು ಕುರಿತು ಕೇಳಿದ್ದಾರೆ?

ಹುಲಿಯನ್ನು ಹಿಂದಕ್ಕೆ ತರಿಸಬೇಕೆಂಬ ಬೇಡಿಕೆ ನ್ಯಾಯವಾದುದೇ. ಆದರೆ ಯುನೆಸ್ಕೋದ 1970ರ ಒಪ್ಪಂದ ಅದಕ್ಕೂ ಹಿಂದಿನ ಅಪಹರಣಗಳಿಗೆ ಅನ್ವಯಿಸುವುದಿಲ್ಲ. ಕಾನೂನಿನ ದಾರಿ ಕಿರಿದು. ಈ ನಡುವೆ ನಮ್ಮಿಂದ ಆಗಬಹುದಾದ ಕೆಲಸವೊಂದಿದೆ. ಚದುರಿದ ಈ ವಸ್ತುಗಳ ವಿವರಣಾತ್ಮಕ ಸೂಚಿಯೊಂದನ್ನು, ಪ್ರತಿಯೊಂದರ ಅಳತೆ, ಬರಹ, ಕೈಬದಲಾದ ಕ್ರಮಗಳೊಡನೆ, ಕನ್ನಡದಲ್ಲಿ ಸಿದ್ಧಪಡಿಸಬೇಕು. ಅದರ ಮೊದಲ ಪುಟಕ್ಕೆ ಬೇಕಾದ ಸಾಮಗ್ರಿ ಶ್ರೀರಂಗಪಟ್ಟಣದಲ್ಲಿಯೇ ಇದೆ. 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಸುತ್ತುವರಿದ ಸೇನೆಯ ನಡುವೆ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಮರದ ಹುಲಿಯ ಕೆಳಗೆ ಬಿದ್ದಿರುವವನ ಕಥೆ ಈ ಗೋಡೆಯಿಂದ ಆರಂಭವಾಗುತ್ತದೆ.